ಕಡಲೆ ಹೊಲದ ನಡುವೆ ನಿಂತ ಪಲ್ಲಕ್ಕಿ

"ಅವ್ವಾ, ಸಂಕವ್ವ ಇವತ್ತು ಚಪ್ಪಲಿ ಮೆಟ್ಟಿಕೊಂಡೇ ಮಠದ ಅಂಗಳ ಗುಡಿಸಿದಳು. ಗದ್ದುಗೆಯ ಎದುರಿಗೇ. ಅವಳಿಗೆ ಏನು ಪ್ರಾಯಶ್ಚಿತ್ತ ಹೇಳಲಿ?" ಎಂದು ಶಿಷ್ಯ ಕೇಳಿದ.

ಮಾಗಿಯ ಬೆಳಗು. ಗುರುತಾಯಿ ಕಂಬಳಿ ಹೊದ್ದು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು.

"ನಿಂತುಕೊಂಡು ಕೇಳುವ ಮಾತಲ್ಲ ಅದು. ಬಾ, ಕೂತುಕೋ. ಅಲ್ಲಲ್ಲ, ನೆಲ ಕೊರೆಯುತ್ತಿದೆ, ಚಾಪೆಯ ಮೇಲೆ ಬಾ. ಕಾಲು ಪಂಚೆಯೊಳಗೆ ಎಳೆದುಕೋ. ಇನ್ನು ನಾನು ಹೇಳುವುದನ್ನು ಕೇಳು. ನಡುವೆ ಎದ್ದು ಹೋಗಬೇಡ, ನಡುವೆ ಬಾಯಿ ಹಾಕಬೇಡ. ಸಿಟ್ಟು ಬಂದರೆ ಬರಲಿ. ಈ ಕತೆ ಹೇಳುವಾಗೆಲ್ಲ ನನಗೂ ಬರುತ್ತದೆ."

ಶಿಷ್ಯ ಕುಳಿತ. ಗುರುತಾಯಿ ಹೇಳತೊಡಗಿದರು.

ಎರೆ ಸೀಮೆಯಲ್ಲಿ ಒಂದು ಊರು, ಆ ಊರಿಗೊಂದು ಮಠ. ಮಠ ಕಟ್ಟಿದ ಗುರು ಜೀವ ಇರುವವರೆಗೂ ನಡೆದವನು. ಮಾಗಿ ಬಂತೆಂದರೆ ಸುತ್ತಲಿನ ಹನ್ನೆರಡು ಹಳ್ಳಿ ತಿರುಗುತ್ತಿದ್ದ. ಯಾರಿಗೆ ಕಂಬಳಿ ಇಲ್ಲ, ಯಾರ ಮನೆಯ ಮುದುಕಿ ಚಳಿಗೆ ಕೆಮ್ಮುತ್ತಿದ್ದಾಳೆ, ಯಾರ ಒಲೆ ಹೊತ್ತಿಲ್ಲ ಎಂದು ನೋಡಿಕೊಂಡು ಬರುತ್ತಿದ್ದ. ಅವನು ಕಣ್ಣು ಮುಚ್ಚಿದ ಮೇಲೆ ಅವನ ಕಟ್ಟಿಗೆಯ ಪಾದುಕೆ ಒಂದು ಜೊತೆ ಉಳಿದವು. ಜನ ಅವನ್ನು ಪಲ್ಲಕ್ಕಿಯಲ್ಲಿ ಇಟ್ಟರು. ಪ್ರತಿ ಮಾಗಿಯಲ್ಲಿ ಪಲ್ಲಕ್ಕಿ ಅದೇ ಹನ್ನೆರಡು ಹಳ್ಳಿಗೆ ಹೊರಡತೊಡಗಿತು. ನಡೆದು ನಡೆದು ಸವೆದವನ ಪಾದುಕೆ ಈಗ ಕೂತುಕೊಂಡು ಹೋಗುತ್ತಿತ್ತು.

ಮಾಗಿಯ ಒಣ ಗಾಳಿಗೆ ಹಳೆಯ ಕಟ್ಟಿಗೆ ಸೀಳು ಬಿಡುತ್ತದೆ. ಹಾಗಾಗಿ ಪಲ್ಲಕ್ಕಿ ಇಳಿದ ಊರಲ್ಲೆಲ್ಲ ಪಾದುಕೆಗೆ ಎಣ್ಣೆಸೇವೆ ನಡೆಯುತ್ತಿತ್ತು. ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ, ಅದರಲ್ಲಿ ಚೂರು ಜೇನುಮೇಣ ಕರಗಿಸಿ, ಬೆಳ್ಳಿ ಬಟ್ಟಲಲ್ಲಿ ತರುತ್ತಿದ್ದರು. ಮೆತ್ತನೆಯ ಅರಿವೆಯಿಂದ ಹಿಮ್ಮಡಿಯ ಕಡೆಗೆ, ಬೆರಳಿನ ಕಡೆಗೆ, ಅಂಚಿಗೆ, ತಳಕ್ಕೆ ತಿಕ್ಕುತ್ತಿದ್ದರು. ಆಮೇಲೆ ಶಾಲು ಹೊದಿಸಿ ಬೆಚ್ಚಗೆ ಇಡುತ್ತಿದ್ದರು. ನಾ ಮೊದಲು, ತಾ ಮೊದಲು ಎಂದು ಹೆಂಗಸರು ಬಟ್ಟಲು ಹಿಡಿದುಕೊಂಡು ನೂಕಾಡುತ್ತಿದ್ದರು.

ಪಲ್ಲಕ್ಕಿ ಹೊರುವವರು ನಾಲ್ಕು ಮನೆಯವರು. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ. ಹೊರುವ ಮನೆಗೆ ಮಠದಿಂದ ಎರಡೆರಡು ಎಕರೆ ಹೊಲ ಉಣ್ಣಲಿಕ್ಕೆ ಬಿಟ್ಟಿದ್ದರು. ಹೊರುವುದು ಬಿಟ್ಟರೆ ಹೊಲ ಹೋಯಿತು. ಅವರಿಗೆ ಎರಡು ಕಟ್ಟಳೆ. ಒಮ್ಮೆ ಎತ್ತಿದ ಪಲ್ಲಕ್ಕಿಯನ್ನು ಮುಂದಿನ ಊರು ಮುಟ್ಟುವವರೆಗೆ ನೆಲಕ್ಕೆ ಇಳಿಸಬಾರದು. ಗುರುವಿನ ಪಾದುಕೆ ಹೊತ್ತವನು ತನ್ನ ಕಾಲಿಗೆ ಏನೂ ಮೆಟ್ಟಬಾರದು.

ಆ ನಾಲ್ವರಲ್ಲಿ ಒಬ್ಬ ದ್ಯಾಮಣ್ಣ. ಮುಂದಿನ ದಂಡಿಗೆಯ ಎಡಗಡೆ ಅವನ ಹೆಗಲು. ಬಹಳ ಸಂಭಾವಿತ. ಕಾಲಲ್ಲಿ ಮುಳ್ಳು ಮುರಿದರೂ "ಇರಲಿ ಬಿಡು" ಅನ್ನುವವನು. ಅವನ ಹೆಂಡತಿ ಫಕೀರವ್ವ ಹಾಗಲ್ಲ. ಅವಳಿಗೆ ಇರಲಿ ಬಿಡು ಅನ್ನಲು ಬರುತ್ತಿರಲಿಲ್ಲ.

ಪ್ರತಿ ವರ್ಷ ಪಲ್ಲಕ್ಕಿ ಮುಗಿಸಿ ಬಂದ ಗಂಡನ ಕಾಲು ನೋಡಿ ಅವಳು ಬೈಯುತ್ತಿದ್ದಳು. ಯಾರನ್ನು ಬೈಯಬೇಕೋ ಗೊತ್ತಾಗದೆ ಚಳಿಯನ್ನು ಬೈಯುತ್ತಿದ್ದಳು. ಹಿಮ್ಮಡಿ ಒಡೆದು ಜೋಳದ ಕಾಳು ಹಿಡಿಯುವಷ್ಟು ಸೀಳು ಬಿದ್ದಿರುತ್ತಿತ್ತು. ಅವಳು ನೀರು ಕಾಯಿಸಿ ಉಪ್ಪು ಹಾಕಿ ಕಾಲು ನೆನೆಸುತ್ತಿದ್ದಳು. ಮೆತ್ತಗಾದ ಸತ್ತ ಚರ್ಮವನ್ನು ಕಲ್ಲಿನಿಂದ ಮೆಲ್ಲಗೆ ತಿಕ್ಕಿ ತೆಗೆಯುತ್ತಿದ್ದಳು. ಒರೆಸಿ, ಎಣ್ಣೆ ಹಚ್ಚಿ, ಹಳೆಯ ಸೀರೆಯ ಚೂರು ಸುತ್ತುತ್ತಿದ್ದಳು. ಯುಗಾದಿ ಹೊತ್ತಿಗೆ ಕಾಲು ಕೂಡಿಕೊಳ್ಳುತ್ತಿತ್ತು.

ಒಂದು ವರ್ಷ ಕೂಡಿಕೊಳ್ಳಲಿಲ್ಲ. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು, ಎಡ ಹಿಮ್ಮಡಿಯ ಸೀಳು ಹಾಗೇ ಉಳಿಯಿತು. ಮುಂದಿನ ಮಾಗಿ ಹತ್ತಿರ ಬಂತು. ಫಕೀರವ್ವ ಗಂಡನನ್ನು ಔಷಧ ಕೊಡುವ ಮುದುಕಿಯ ಹತ್ತಿರ ಕರೆದುಕೊಂಡು ಹೋದಳು.

ಮುದುಕಿ ಕಾಲನ್ನು ಮೂಸಿ ನೋಡಿದಳು. ಸುತ್ತ ಒತ್ತಿದಳು. "ಒಳಗ ಎಲುಬಿನ ಹತ್ತಿರ ಹೋಗೇತಿ ತಂಗಿ," ಅಂದಳು. "ಈ ಚಳಿಗಾಲ ಒಂದು ಕಾಯಿ. ದಿನಾ ಉಗುರುಬೆಚ್ಚಗಿನ ನೀರಾಗ ತೊಳಿ. ಸುಡೂ ನೀರು ಬ್ಯಾಡ. ಬೆರಳ ಸಂದಿ ಒಣಗುವಂಗ ಒರಸು. ಎಣ್ಣಿ ಹಚ್ಚಿ ಕಟ್ಟು. ಬರಿಗಾಲಾಗ ಮಾತ್ರ ನೆಲಾ ಮುಟ್ಟಿಸಬ್ಯಾಡ. ಮುಟ್ಟಿಸಿದಿ ಅಂದ್ರ ಕಾಲು ಉಳಿಯೂದಿಲ್ಲ."

ಫಕೀರವ್ವ ನೇರ ಸಮಗಾರನ ಮನೆಗೆ ಹೋಗಿ ಮೆತ್ತನೆ ತೊಗಲಿನ ಚಪ್ಪಲಿ ಮಾಡಿಸಿದಳು, ಹಿಮ್ಮಡಿಯ ಕಡೆ ದಪ್ಪ ಇಟ್ಟು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂದಾನಪ್ಪ ಸಾವಕಾರನ ಮನೆಗೆ ಹೋದಳು. ಮಠದ ಆಡಳಿತ ಅವನದು. ಪಲ್ಲಕ್ಕಿಯ ಹಿಂದೆ ಕುದುರೆ ಮೇಲೆ ಹೋಗುವವನು ಅವನು. ಅವಳು ಹೋದಾಗ ಉಣ್ಣೆಯ ಕಾಲುಚೀಲ ಹಾಕಿಕೊಂಡು ಚಹಾ ಕುಡಿಯುತ್ತಿದ್ದ.

"ಸಾವಕಾರ್ರ, ನಮ್ಮ ಮನಿಯವರ ಕಾಲು ಕೆಟ್ಟೇತ್ರಿ. ಈ ಒಂದು ವರ್ಷ ಚಪ್ಪಲಿ ಮೆಟ್ಟಿ ಹೊರಲಿಕ್ಕೆ ಬಿಡ್ರಿ."

"ಏನಂದಿ? ಮ್ಯಾಲೆ ಗುರುವಿನ ಪಾದುಕಿ, ಕೆಳಗ ನಿನ್ನ ಗಂಡನ ಕೆರಾ? ಸರಿಸಮಾನ ಆದಂಗಾತು."

"ಹಂಗಾರ ಈ ವರ್ಷ ಒಬ್ಬರನ್ನ ಬದಲಿ ಹಚ್ಚಿರಿ. ಮನಿಯಾಗ ಕುಂಡ್ರಸ್ತೀನಿ."

"ಕುಂಡ್ರಸು. ಬದಲಿ ಬಂದವಗ ಹೊಲಾನೂ ಬದಲಿ ಆಕ್ಕೇತಿ. ಹೊರಾಂವ ಒಬ್ಬ, ಉಣ್ಣಾಂವ ಒಬ್ಬ, ಹಂಗ ನಡಿಯೂದಿಲ್ಲ."

"ನೀವು ಕಾಲುಚೀಲಾ ಹಾಕ್ಕೊಂಡಿರಿ, ಸಾವಕಾರ್ರ."

"ನಾ ಹೊರೂದಿಲ್ಲಲ್ಲ," ಅಂದ ಅಂದಾನಪ್ಪ. ಅಷ್ಟು ಸರಳವಾಗಿ ಅಂದ.

ಮನೆಗೆ ಬಂದು ಫಕೀರವ್ವ ಒಲೆಯ ಮುಂದೆ ಕೂತಳು. ಹೊಲ ಹೋದರೆ ಹೋಗಲಿ ಅಂದಳು. ದ್ಯಾಮಣ್ಣ ಹೊಲದ ಮಾತಾಡಲಿಲ್ಲ. "ಗುರುವಿನ ಸೇವಾ, ತಪ್ಪಬಾರದು. ಇರಲಿ ಬಿಡು," ಅಂದ.

"ನಿನಗ ಕಾಲು ಹೋದರೂ ಇರಲಿ ಬಿಡು, ತಲಿ ಹೋದರೂ ಇರಲಿ ಬಿಡು," ಅಂದಳು ಅವಳು. ಬೆಳಗ್ಗೆ ಎದ್ದು ಎಣ್ಣೆಯ ಸೀಸೆ, ಅರಿವೆಯ ಗಂಟು, ಹೊಸ ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಪಲ್ಲಕ್ಕಿಯ ಹಿಂದೆ ತಾನೂ ಹೊರಟಳು.

ಎರಡು ಊರು ಹೇಗೋ ಆಯಿತು. ಪಲ್ಲಕ್ಕಿ ಇಳಿದ ಕೂಡಲೇ ಫಕೀರವ್ವ ಗಂಡನನ್ನು ಗೋಡೆಗೆ ಒರಗಿಸಿ ಕಾಲು ತೊಳೆದು ಕಟ್ಟುತ್ತಿದ್ದಳು. ಎತ್ತುವ ಮೊದಲು ಅಂದಾನಪ್ಪ ಬಂದು ಆ ಕಟ್ಟನ್ನೂ ಬಿಚ್ಚಿಸುತ್ತಿದ್ದ. ಅರಿವೆ ಕಟ್ಟಿದರೂ ಮೆಟ್ಟಿದಂತೆಯೇ ಎಂಬುದು ಅವನ ಲೆಕ್ಕ. ಎರಡನೆಯ ಊರಿನಲ್ಲಿ ಸೀಸೆಯ ಎಣ್ಣೆ ಮುಗಿಯಿತು.

ಮೂರನೆಯ ಊರಿಗೆ ದಾರಿ ಕಡಲೆ ಹೊಲದ ನಡುವೆ. ಆ ಸೀಮೆಯ ಮಾಗಿಯ ಕಡಲೆ ನಿನಗೆ ಗೊತ್ತಿಲ್ಲ. ಬೆಳಗಿನ ಇಬ್ಬನಿ ಎಲೆಯ ಮೇಲೆ ಬಿದ್ದು ಹುಳಿಯಾಗುತ್ತದೆ. ಹೆಂಗಸರು ಬಿಳಿ ಅರಿವೆ ಹಾಸಿ, ಹಿಂಡಿ, ಸೀಸೆ ತುಂಬಿ ಹೊಟ್ಟೆನೋವಿಗೆ ಇಟ್ಟುಕೊಳ್ಳುತ್ತಾರೆ. ನಾಲಿಗೆಗೆ ತಾಗಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಪಲ್ಲಕ್ಕಿ ಹಾದರೆ ಬೆಳೆ ಹುಲುಸಾಗುತ್ತದೆ ಎಂದು ರೈತರು ಬೇಡಿಕೊಂಡು ಬೆಳೆಯ ನಡುವೆಯೇ ಹಾಯಿಸುತ್ತಿದ್ದರು. ಒಡೆದ ಹಿಮ್ಮಡಿ ಆ ಹುಳಿಯಲ್ಲಿ ಅರ್ಧ ಹರದಾರಿ ನಡೆದರೆ ಏನಾದೀತು, ನೀನೇ ಯೋಚಿಸು.

ದ್ಯಾಮಣ್ಣ ಹೆಗಲ ಮೇಲಿನ ಟವಲನ್ನು ಬಾಯಲ್ಲಿ ಕಚ್ಚಿಕೊಂಡು ನಡೆದ. ಹಿಂದೆ ಫಕೀರವ್ವ ಅವನ ಕಾಲನ್ನೇ ನೋಡುತ್ತ ನಡೆದಳು. ಹೊಲದ ಮಧ್ಯದಲ್ಲಿ ಸೀಳು ಪೂರ್ತಿ ಬಾಯಿ ಬಿಟ್ಟಿತು. ಊರು ಮುಟ್ಟುವಾಗ ಬೀದಿಯ ಮಣ್ಣಿನಲ್ಲಿ ಮಾರಿಗೊಂದು ಕೆಂಪು ಗುರುತು.

ಪಲ್ಲಕ್ಕಿ ಹಾದ ದಾರಿಯ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುವುದು ಆ ಜನರ ರೂಢಿ. ಗುರುವಿನ ಪಾದಧೂಳಿ ಎನ್ನುತ್ತಾರೆ. ಹೆಂಗಸರು ಬಗ್ಗಿ ಮಣ್ಣು ತೆಗೆದುಕೊಂಡರು. ಒಬ್ಬಳ ಬೆರಳಿಗೆ ಕೆಂಪು ಹತ್ತಿತು.

"ಯವ್ವಾ! ಕುಂಕುಮಾ! ಗುರುವಿನ ಪಾದುಕಿಯಿಂದ ಕುಂಕುಮ ಉದರೇತಿ!"

ಅಷ್ಟೇ. ಊರಿಗೆ ಊರೇ ಬೀದಿಗೆ ಬಂತು. ಒಬ್ಬರ ಮೇಲೊಬ್ಬರು ಬಿದ್ದು ಕೆಂಪು ಮಣ್ಣು ಗೋರಿಕೊಂಡರು. ಹಣೆಗೆ ಹಚ್ಚಿಕೊಂಡರು, ಮಕ್ಕಳ ಹಣೆಗೆ ಹಚ್ಚಿದರು, ತಾಳಿಗೆ ಹಚ್ಚಿದರು, ಸೆರಗಿನ ತುದಿಗೆ ಗಂಟು ಹಾಕಿದರು. ಅಂದಾನಪ್ಪ ಕುದುರೆಯಿಂದ ಇಳಿದ. ಮಣ್ಣು ನೋಡಿದ. ದ್ಯಾಮಣ್ಣನ ಕಾಲನ್ನೂ ನೋಡಿದ. ನೋಡಲಿಲ್ಲ ಅಂತ ಅವನು ಎಲ್ಲಿ ಬೇಕಾದರೂ ಆಣೆ ಮಾಡಲಿ, ನೋಡಿದ. ಆಮೇಲೆ ಎರಡೂ ಕೈ ಎತ್ತಿ ಮುಗಿದ.

"ಈ ಊರಿನ ಪುಣ್ಯಾ ದೊಡ್ಡದು," ಅಂದ.

ಪಲ್ಲಕ್ಕಿಯನ್ನು ಕಟ್ಟೆಯ ಮೇಲೆ ಇಳಿಸಿದರು. ಬೆಳ್ಳಿ ಬಟ್ಟಲಲ್ಲಿ ಬೆಚ್ಚನೆಯ ಎಣ್ಣೆ ಬಂತು. ದ್ಯಾಮಣ್ಣ ಕಟ್ಟೆಯ ಕೆಳಗೆ ಕುಸಿದು ಕುಳಿತಿದ್ದ. ಅವನನ್ನು ದಾಟಿಕೊಂಡು ಜನ ಬಟ್ಟಲು ಮೇಲಕ್ಕೆ ಕೊಟ್ಟರು. ದಾಟಿಕೊಂಡು, ಕೇಳಿದೆಯಾ? ಒಬ್ಬಳ ಸೀರೆಯ ನಿರಿಗೆ ಅವನ ಮುಖಕ್ಕೆ ಉಜ್ಜಿತು.

ಫಕೀರವ್ವ ಎದ್ದಳು. ಆ ಬಟ್ಟಲನ್ನು ನಡುದಾರಿಯಲ್ಲೇ ಕಸಿದುಕೊಂಡಳು. ಗಂಡನ ಎದುರಿಗೆ ನೆಲದಲ್ಲಿ ಕೂತು ಅವನ ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಸೆರಗಿನಿಂದ ಮಣ್ಣು ಒರೆಸಿದಳು. ಗುರುವಿನ ಎಣ್ಣೆಯನ್ನು ಒಡೆದ ಹಿಮ್ಮಡಿಗೆ ಸುರಿದಳು.



"ಏ ಹುಚ್ಚಿ! ಸೇವಾದ ಎಣ್ಣಿ ಅದು!" ಅಂದಾನಪ್ಪ ಕೂಗಿದ.

"ಬರ್ರಿ, ಎಲ್ಲಾರೂ ಬರ್ರಿ," ಅಂದಳು ಫಕೀರವ್ವ. ಅವಳ ದನಿ ನಡುಗುತ್ತಿತ್ತು. ಅಳುವಲ್ಲ, ಸಿಟ್ಟು. "ಕುಂಕುಮಾ ಬೇಕಲ್ಲ ನಿಮಗ? ಮಣ್ಣಾಗ್ಯಾಕ ಹುಡುಕತೀರಿ? ಇಲ್ಲಿ ಐತಿ ನೋಡ್ರಿ, ಇನ್ನೂ ಹಸೀದು. ಇದು ನನ್ನ ಗಂಡನ ಹಿಮ್ಮಡಿ. ಒಣಗಿದ ಕಟ್ಟಿಗಿ ಸೀಳತೈತಿ ಅಂತ ಮ್ಯಾಲಿಂದ ಎಣ್ಣಿ, ಶಾಲು. ಜೀವ ಇದ್ದ ಕಾಲು ಸೀಳಿದರ ಅದನ್ನ ಹಣಿಗೆ ಹಚಗೊಂಡು ನಲೀತೀರಿ. ನಿಮ್ಮ ಕಣ್ಣು ಎಲ್ಲಿ ಇಟ್ಟೀರವಾ?"

ಕೆಲವರು ಹಣೆ ಒರೆಸಿಕೊಂಡರು. ಕೆಲವರು ಒರೆಸಿಕೊಳ್ಳಲಿಲ್ಲ. ಒಬ್ಬಳು ಸೆರಗಿನ ಗಂಟನ್ನು ಇನ್ನೂ ಬಿಗಿ ಮಾಡಿಕೊಂಡಳು.

"ಇವತ್ತಿಗೆ ದ್ಯಾಮಣ್ಣನ ಮನಿ ಹೆಗಲು ಮುಗೀತು," ಅಂದ ಅಂದಾನಪ್ಪ. "ಹೊಲಾನೂ ಮುಗೀತು. ಉಳಿದವರು ಏಳ್ರಿ."

ಉಳಿದ ಮೂವರು ಏಳಲಿಲ್ಲ. ದ್ಯಾಮಣ್ಣನ ಪಕ್ಕಕ್ಕೆ ಸರಿದು ಕುಳಿತು ತಮ್ಮ ಕಾಲುಗಳನ್ನೂ ಮುಂದೆ ಚಾಚಿದರು. ಆರು ಹಿಮ್ಮಡಿ. ಒಂದಾದರೂ ನೆಟ್ಟಗಿರಲಿಲ್ಲ. ಫಕೀರವ್ವ ಬಟ್ಟಲನ್ನು ಅವರ ಕಡೆ ಸರಿಸಿದಳು.

ಅಂದಾನಪ್ಪನಿಗೆ ಮೈ ಉರಿಯಿತು. "ಹೊರಾಕ ನೀವ ಆಗಬೇಕಂತ ಐತೇನು? ನಾವ ಹೊರತೇವಿ!" ಅಂದ. ತನ್ನ ಜೊತೆಗಿದ್ದ ಮೂವರು ಹಿರಿಯರನ್ನು ಕರೆದ. ಚಪ್ಪಲಿ ಬಿಟ್ಟರು, ಕಾಲುಚೀಲ ಬಿಚ್ಚಿದರು, ಹೆಗಲಿಗೆ ದಂಡಿಗೆ ಕೊಟ್ಟರು. ಜನ ಜಯಕಾರ ಹಾಕಿದರು. ಸಾವಕಾರನೇ ಹೊತ್ತನಲ್ಲ ಎಂದು ಮುದುಕಿಯರು ಕಣ್ಣು ಒರೆಸಿಕೊಂಡರು. ದ್ಯಾಮಣ್ಣನ ಅಪ್ಪ ಹೊತ್ತಾಗ, ಅಜ್ಜ ಹೊತ್ತಾಗ ಯಾರೂ ಕಣ್ಣು ಒರೆಸಿಕೊಂಡಿರಲಿಲ್ಲ.

ನಾಲ್ಕನೆಯ ಊರಿಗೂ ಕಡಲೆ ಹೊಲವೇ ದಾರಿ. ಬಿಸಿಲು ಇನ್ನೂ ಏರಿರಲಿಲ್ಲ, ಎಲೆಯ ಮೇಲೆ ಇಬ್ಬನಿ ಹಾಗೇ ಇತ್ತು. ವರ್ಷವಿಡೀ ಎಣ್ಣೆ ತಿಂದ ಕಾಲುಗಳು ಅವು, ಬೆಣ್ಣೆಯಂಥವು. ಮೊದಲ ಬದು ದಾಟಿದರು. ಎರಡನೆಯ ಬದುವಿನಲ್ಲಿ ಹಿಂದಿನ ಬೆಳೆಯ ತೊಗರಿ ಕೂಳೆ, ಗೂಟದಂತೆ ನಿಂತಿದ್ದವು. ಅಂದಾನಪ್ಪನ ಅಂಗಾಲಿಗೆ ಒಂದು ನೆಟ್ಟಿತು. ಕಿತ್ತುಕೊಂಡು ಮುಂದೆ ಹೆಜ್ಜೆ ಇಟ್ಟ. ಗಾಯಕ್ಕೆ ಕಡಲೆಯ ಹುಳಿ ಇಳಿಯಿತು.

"ಅಯ್ಯಯ್ಯೋ!" ಎಂದು ಅವನು ಒಂಟಿಗಾಲಲ್ಲಿ ನಿಂತ. ಅವನು ನಿಂತಿದ್ದರಿಂದ ನಾಲ್ವರೂ ನಿಂತರು. ಇಳಿಸುವಂತಿಲ್ಲ, ನಡೆಯುವಂತಿಲ್ಲ. ಹೊಲದ ನಡುವೆ ಪಲ್ಲಕ್ಕಿ ಓಲಾಡುತ್ತ ನಿಂತಿತು. ಕೆಳಗೆ ನಾಲ್ವರು ಹಿರಿಯರು ಕೆರೆಯ ಕೊಕ್ಕರೆಗಳ ಹಾಗೆ ಒಂದೊಂದು ಕಾಲು ಎತ್ತಿ ಇಳಿಸುತ್ತಿದ್ದರು.

"ಚಪ್ಪಲಿ! ಯಾರರ ಚಪ್ಪಲಿ ತರ್ರೋ!" ಎಂದು ಅಂದಾನಪ್ಪ ಚೀರಿದ.

ಬದುವಿನ ಮೇಲೆ ಜನ ನಿಂತಿದ್ದರು. ಯಾರೂ ಅಲುಗಲಿಲ್ಲ. ಪಲ್ಲಕ್ಕಿಯ ಕೆಳಗೆ ಚಪ್ಪಲಿಯೇ ಎಂದು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಫಕೀರವ್ವ ಚೀಲದಿಂದ ಹೊಸ ಚಪ್ಪಲಿ ತೆಗೆದಳು. ಹೊಲದೊಳಗೆ ನಡೆದು ಹೋಗಿ ಸಾವಕಾರನ ಎದುರಿಗೆ ನಿಂತಳು. ಅವನು ಕಾಲು ಮುಂದೆ ಚಾಚಿದ.

"ತಡೀರಿ," ಅಂದಳು. "ಈಗ ಸರಿಸಮಾನ ಆಗೂದಿಲ್ಲೇನ್ರಿ?"

"ಆಗೂದಿಲ್ಲ ಮಾರಾಯ್ತಿ, ಹಾಕು!"

"ಹಂಗಲ್ಲ. ಹತ್ತು ಮಂದಿ ಕೇಳುವಂಗ ಅನ್ರಿ."

"ಪಲ್ಲಕ್ಕಿ ಹೊರವರು ಚಪ್ಪಲಿ ಮೆಟ್ಟಬಹುದು! ಸಾಕೇನು?"

"ಹೊಲಾ?"

ಅಂದಾನಪ್ಪ ಜನರ ಕಡೆ ನೋಡಿದ. ಕಾಲು ಉರಿಯುತ್ತಿತ್ತು. "ಹೊಲಾ ಅವರದ," ಅಂದ.

"ಎಲ್ಲಾರೂ ಕೇಳಿದ್ರಲ್ಲ," ಎಂದು ಫಕೀರವ್ವ ಬದುವಿನ ಕಡೆ ತಿರುಗಿದಳು. ಆಮೇಲೆ ಚಪ್ಪಲಿಯನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡಳು. "ಇವು ನನ್ನ ಗಂಡನ ಅಳತಿಗೆ ಮಾಡಿಸಿದ್ದು, ಸಾವಕಾರ್ರ. ನಿಮ್ಮವು ಕಟ್ಟಿ ಮುಂದ ಅದಾವು. ಯಾರನ್ನರ ಕಳಿಸಿ ತರಿಸಿಕೊಳ್ರಿ."

ಅವಳು ಹಿಂತಿರುಗಿ ನೋಡದೆ ಊರಿನ ಕಡೆ ನಡೆದಳು. ಕಟ್ಟೆಯ ಕೆಳಗೆ ಕೂತಿದ್ದ ಗಂಡನ ಕಾಲಿಗೆ ಅರಿವೆ ಕಟ್ಟಿ, ಮೇಲೆ ಚಪ್ಪಲಿ ಹಾಕಿದಳು. ಸಾವಕಾರನ ಚಪ್ಪಲಿ ಬರುವವರೆಗೆ ಆ ನಾಲ್ವರೂ ಗುರುವನ್ನು ಹೊತ್ತು ಕಡಲೆಯಲ್ಲಿ ನಿಂತಿದ್ದರು.

ಆಮೇಲೆ ಯಾರು ಏನಾದರು, ಅದನ್ನೂ ಹೇಳುತ್ತೇನೆ.

ದ್ಯಾಮಣ್ಣನ ಕಾಲು ಉಳಿಯಿತು. ಪೂರ್ತಿಯಲ್ಲ. ಎರಡು ಬೆರಳು ಕಪ್ಪಾಗಿ ಬಿದ್ದವು. ನಡೆಯುತ್ತಿದ್ದ, ಆದರೆ ಹೊರಲು ಮತ್ತೆ ಆಗಲಿಲ್ಲ. ಅವನ ಹೆಗಲಿಗೆ ಅಳಿಯ ಬಂದ. ಹೊಲ ಅವರಲ್ಲೇ ಉಳಿಯಿತು.

ಉಳಿದ ಮೂವರು ಮುದುಕರಾಗುವವರೆಗೂ ಚಪ್ಪಲಿ ಮೆಟ್ಟಿಯೇ ಹೊತ್ತರು. ಊರೂರಿನ ಹೆಂಗಸರು ಮೊದಲ ಬಟ್ಟಲು ಅವರಿಗೆ ತರತೊಡಗಿದರು. ಪಾದುಕೆಗೆ ಎರಡನೆಯ ಬಟ್ಟಲು. ಕಟ್ಟಿಗೆ ಇವತ್ತಿಗೂ ಸೀಳಿಲ್ಲ.

ಅಂದಾನಪ್ಪನ ಗಾಯ ಹದಿನೈದು ದಿನದಲ್ಲಿ ಮಾಯಿತು. ಪಲ್ಲಕ್ಕಿಯ ಸೇವಕರಿಗೆ ಪಾದರಕ್ಷೆಯ ಪದ್ಧತಿ ತಂದ ಪುಣ್ಯಾತ್ಮ ಎಂದು ಅವನು ಮಠದ ಬಾಗಿಲಲ್ಲಿ ತನ್ನ ಹೆಸರಿನ ಕಲ್ಲು ಕೆತ್ತಿಸಿದ. ಆ ಕಲ್ಲು ಈಗಲೂ ಇದೆ. ಓದಿದವರು ಕೈ ಮುಗಿಯುತ್ತಾರೆ.

ಸೆರಗಿನ ಗಂಟು ಬಿಗಿ ಮಾಡಿಕೊಂಡವಳು ಆ ಮಣ್ಣನ್ನು ದೇವರ ಗೂಡಿನಲ್ಲಿಟ್ಟು ಸಾಯುವವರೆಗೂ ಕುಂಕುಮವೆಂದೇ ಪೂಜಿಸಿದಳು. ಅವಳಿಗೆ ತಿಳಿಸಿ ಹೇಳುವವರು ಹುಟ್ಟಲಿಲ್ಲ.

ಫಕೀರವ್ವ ಆ ಪಲ್ಲಕ್ಕಿಗೆ ಮತ್ತೆ ಎಂದೂ ಕೈ ಮುಗಿಯಲಿಲ್ಲ. ಅದು ಮನೆಯ ಮುಂದೆ ಹಾದಾಗ ಹೊರಗೆ ಬರುತ್ತಿದ್ದಳು. ಎಲ್ಲರೂ ಮೇಲೆ ನೋಡುವಾಗ ಅವಳು ಕೆಳಗೆ ನೋಡುತ್ತಿದ್ದಳು. ಒಂದು ಹಿಮ್ಮಡಿಯಲ್ಲಿ ಗೆರೆ ಕಂಡರೂ "ಏ ತಮ್ಮಾ, ಹೊತ್ತು ಮುಗದ ಮ್ಯಾಲೆ ನಮ್ಮ ಮನಿಗೆ ಬಾ" ಎಂದು ಕೂಗುತ್ತಿದ್ದಳು. ಒಂದು ಚಳಿಗಾಲದಲ್ಲಿ, ತುಂಬು ವಯಸ್ಸಿನಲ್ಲಿ, ಮಲಗಿದ್ದಲ್ಲೇ ಹೋದಳು. ಮಣ್ಣು ಮಾಡುವ ದಿನ ಪಲ್ಲಕ್ಕಿಯ ನಾಲ್ವರೇ ಹೆಗಲು ಕೊಟ್ಟರು.

ಗುರುತಾಯಿ ಕತೆ ನಿಲ್ಲಿಸಿದರು. ಶಿಷ್ಯ ಮತ್ತೆ ಕೇಳಿದ.

"ಕತೆ ತಿಳಿಯಿತು, ಅವ್ವಾ. ಆದರೂ ಸಂಕವ್ವ ಮಠದ ರೀತಿ ಮುರಿದದ್ದು ನನ್ನ ಕಣ್ಣಿಗೆ ಬಿದ್ದಿದೆ. ಅವಳಿಗೆ ಏನಾದರೂ ಹೇಳಬೇಕಲ್ಲ?"

ಗುರುತಾಯಿ ಅಂದರು: "ಇವತ್ತು ಅವಳ ಕಾಲಲ್ಲಿ ಚಪ್ಪಲಿ ಇದ್ದದ್ದು ಕಂಡ ನಿನಗೆ, ಇಷ್ಟು ಚಳಿಗಾಲ ಇಲ್ಲದೇ ಇದ್ದದ್ದು ಯಾಕಪ್ಪಾ ಕಾಣಲಿಲ್ಲ?"